ಅಮ್ಮನ ಇನ್ನೊಂದು ಕೈ

ಭಾನುವಾರ, ಸಂಜೆ

ನನ್ನ ಮುದ್ದಿನ ಅಕ್ಕನಿಗೆ,

ನಿನ್ನ ಪುಟ್ಟಿ ಬರೆಯುತ್ತಿದ್ದೇನೆ. ಅಮ್ಮ ಚೆನ್ನಾಗಿದ್ದಾಳೆ, ಕಣ್ಣಿನ ಪೊರೆ ಮಾತ್ರ ಹಾಗೇ ಇದೆ. ಅತ್ತಿಗೆಯೂ ಚೆನ್ನಾಗಿದ್ದಾಳೆ. ಅವಳಿಗೇನು ಕಡಿಮೆ!

ನಮ್ಮ ಚರ್ಚಿನ ಸಭೆಯ ಜಗಳದ ಸುದ್ದಿ ನಿನ್ನವರೆಗೂ ಬಂದಿರಬಹುದು. ಹಳೆಯ ಭಾಷಾಂತರದ ಬೈಬಲ್ ಒಂದೇ ಅಧಿಕೃತ, ಆರಾಧನೆಯಲ್ಲೂ ಮನೆಯಲ್ಲೂ ಅದನ್ನೇ ಓದಬೇಕು ಎಂದು ಗಂಟೆ ಬಾರಿಸುವ ಮಾಮ ಪಟ್ಟು ಹಿಡಿದಿದ್ದರು. ಇವತ್ತು ಕೈ ಎತ್ತಿಸಿ ತೀರ್ಮಾನ ಮಾಡುವುದೆಂದು ಪಾಸ್ಟರ್ ಹೇಳಿದ್ದರು.

ನಾನು ಮಾಮನ ಕಡೆ. ನಿನ್ನ ಹತ್ತಿರ ಏಕೆ ಮುಚ್ಚಿಡಲಿ, ಅದು ದೇವರಿಗಾಗಿ ಅಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಓದು ಮರೆಯದೆ ಉಳಿದದ್ದು ಆ ಹಳೆಯ ಬೈಬಲಿನಿಂದಲೇ. ಟೈಲರ್ ಅಂಗಡಿಯಲ್ಲಿ ದಿನವೆಲ್ಲ ಕಾಜಾ ಹಾಕಿ ಬಂದು, ಅಮ್ಮನ ಮಂಚದ ಪಕ್ಕ ಕೂತು ಓದುತ್ತಿದ್ದೆ. ಅರ್ಧ ನನಗೂ ತಿಳಿಯುತ್ತಿರಲಿಲ್ಲ, ಅಮ್ಮನಿಗೂ ತಿಳಿಯುತ್ತಿರಲಿಲ್ಲ. ಆದರೂ ಆ ಹೊತ್ತು ಅಮ್ಮ ನನ್ನವಳು. ಈಗ ಅತ್ತಿಗೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು, ರೋಗಿಗೆ ಮಾತ್ರೆ ನುಂಗಿಸುವ ದನಿಯಲ್ಲಿ ಹೊಸ ಭಾಷಾಂತರ ಓದುತ್ತಾಳೆ. ಅಮ್ಮ ನಡುನಡುವೆ “ಹೌದಾ? ಆಮೇಲೆ?” ಅನ್ನುತ್ತಾಳೆ. ನನ್ನ ಓದಿಗೆ ಒಂದು ದಿನವೂ “ಆಮೇಲೆ” ಅಂದವಳಲ್ಲ. ಅಡುಗೆಮನೆಯಲ್ಲಿ ನಿಂತು ಕೇಳುವಾಗ ಹೊಟ್ಟೆ ಉರಿಯುತ್ತದೆ ಅಕ್ಕಾ.

ಸಭೆಯಲ್ಲಿ ಮಾಮ ಗುಡುಗಿದರು: “ದೇವರು ಒಬ್ಬನೇ, ಅವನ ಮಾತೂ ಒಂದೇ. ಮನೆಗೊಂದು ಬೈಬಲ್ ಇಟ್ಕೊಂಡ್ರೆ ಯಾವುದನ್ನ ನಂಬೋದು?” ಅತ್ತಿಗೆ ಎದ್ದು, “ಹಳೇದನ್ನೂ ಮನುಷ್ಯರೇ ಭಾಷಾಂತರ ಮಾಡಿದ್ದಲ್ವಾ ಮಾಮ? ಮೇಲಿಂದ ಹಾಗೇ ಬಿತ್ತಾ?” ಅಂದಳು. ಹೆಂಗಸರ ಬೆಂಚು ಕಿಸಕ್ಕೆಂದಿತು.

“ಹಳೆಯದೊಂದೇ ಸಾಕು ಅನ್ನುವವರು ಕೈ ಎತ್ತಿ,” ಅಂದರು ಪಾಸ್ಟರ್. ನಾನು ಅಮ್ಮನ ಕೈ ಹಿಡಿದಿದ್ದೆ. ಬಿಡದೆ ಹಾಗೇ ಎತ್ತಿದೆ. ಪಾಸ್ಟರ್ ನಮ್ಮಿಬ್ಬರದನ್ನೂ ಎರಡು ಕೈ ಎಂದು ಎಣಿಸಿದರು. ಹೊಸದೂ ಇರಲಿ ಅನ್ನುವವರು ಎಂದಾಗ ಅಮ್ಮ ತಾನಾಗಿ ಇನ್ನೊಂದು ಕೈ ಎತ್ತಿಬಿಟ್ಟಳು!

“ಏನಮ್ಮಾ, ಒಬ್ರಿಗೆ ಒಂದೇ ಕೈ,” ಅಂದರು ಪಾಸ್ಟರ್.

“ಆಗಲೇ ಎತ್ತಿದ್ದು ನನ್ ಮಗಳು ಕಣಪ್ಪಾ. ಕೆಳಗಿಳಿಸೋಕೆ ಮನಸ್ಸು ಬರ್ಲಿಲ್ಲ. ಇದು ನಂದು.”

ಆ ಒಂದು ಕೈಯಿಂದ ಮಾಮ ಸೋತರು. ಇನ್ನು ಎರಡೂ ನಡೆಯುತ್ತವೆ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ಹಿಡಿದುಕೊಂಡಿದ್ದು ನನ್ನ ಕೈಯನ್ನೇ. ಮಾತಾಡಿದ್ದು ಮಾತ್ರ ಅತ್ತಿಗೆಯ ಜೊತೆ.

ಯಾವಾಗಲೂ ನಿನ್ನವಳೇ ಆದ,
ಪುಟ್ಟಿ

ತಾ.ಕ.: ಹೊಸ ಭಾಷಾಂತರದ ಬೈಬಲ್ ಒಂದನ್ನು ಕಳಿಸು, ದೊಡ್ಡ ಅಕ್ಷರದ್ದು. ಮನೆಗೆ ಬೇಡ, ಟೈಲರ್ ಅಂಗಡಿಗೆ ಕಳಿಸು. ಊಟದ ಬಿಡುವಿನಲ್ಲಿ ಓದಿ ರೂಢಿ ಮಾಡಿಕೊಳ್ಳುತ್ತೇನೆ. ಅತ್ತಿಗೆಗೆ ನೈಟ್ ಡ್ಯೂಟಿ ಬಿದ್ದ ವಾರ ಅಮ್ಮ “ಆಮೇಲೆ?” ಅನ್ನಬೇಕು, ನನಗೆ.