ಹನ್ನೊಂದು ಹತ್ತರ ಮಿಸ್ಡ್ ಕಾಲ್

ಕ್ಯಾಸಲ್‌ನಾಕ್, ಡಬ್ಲಿನ್
ಗುರುವಾರ ಸಂಜೆ

ಚನ್ನಪಟ್ಟಣದ ಅತ್ತೆಗೆ ಜಯಶೀಲಾಳ ನಮಸ್ಕಾರ.

ಇಲ್ಲಿನ ವಿಶ್ವವಿದ್ಯಾಲಯದ ಒಂದು ಕೇಂದ್ರದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅವರು ಆಫ್ರಿಕಾದ ಶಾಂತಿ, ಭದ್ರತೆ ಕುರಿತು ಸಂಶೋಧನೆ ಮಾಡುತ್ತಾರೆ, ನಾನು ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ದಕ್ಷಿಣ ಸುಡಾನಿನಲ್ಲಿರುವ ಇವರ ಸಂಶೋಧಕ ವಾನಿ, ಕ್ಷೇಮ ಎಂದು ತಿಳಿಸಲು ದಿನಾ ಬೆಳಗ್ಗೆ ಹನ್ನೊಂದು ಹತ್ತಕ್ಕೆ ಮೂರು ರಿಂಗ್ ಕೊಟ್ಟು ಇಡುತ್ತಾನೆ, ನಿಮ್ಮ ಭಾನುವಾರದ ಮಿಸ್ಡ್ ಕಾಲ್ ಥರವೇ. ಯಾರೂ ಎತ್ತುವ ಹಾಗಿಲ್ಲ. ಓರ್ಲಾ ಎಂಬ ಹಿರಿಯರು ಪುಸ್ತಕದಲ್ಲಿ ಸಮಯ ಬರೆಯುತ್ತಾರೆ.

ಹೋದ ವಾರ ಗೊತ್ತಾಯಿತು, ವಾನಿಯನ್ನು ಫೆಬ್ರವರಿಯಲ್ಲೇ ಮಣ್ಣು ಮಾಡಿದ್ದಾರೆ. ಫೋನನ್ನೂ ಜೊತೆಗೇ ಇಟ್ಟರಂತೆ. ಆದರೂ ಆ ಮೂರು ರಿಂಗ್ ಒಂದು ದಿನವೂ ತಪ್ಪಿರಲಿಲ್ಲ.

“ಮತ್ತೆ ಯಾಕೆ ಬರೀತೀರಾ?” ಎಂದೆ.

“ಕಾಲ್ ನಿಂತ ಮೇಲೆ ತಾನೇ ಪುಸ್ತಕ ಮುಚ್ಚೋದು,” ಎಂದು ಓರ್ಲಾ ಟೀ ಮಾಡಲು ಎದ್ದರು.

ನಿನ್ನೆ ಅವರಿಗೆ ರಜೆ. ನಾನೊಬ್ಬಳೇ ಇದ್ದೆ, ಎರಡನೇ ರಿಂಗಿಗೆ ಎತ್ತಿಬಿಟ್ಟೆ. ಮಾತಿಲ್ಲ. ದೂರದಲ್ಲಿ ಕೋಳಿ ಕೂಗಿತು, ಯಾರೋ ಅಂಗಳ ಗುಡಿಸುತ್ತಿದ್ದರು. ಗುಡಿಸುವ ಸದ್ದು ನಿಂತಿತು. ಆಮೇಲೆ ಆ ಕಡೆಯಿಂದ ಮೆಲ್ಲಗೆ ಇಟ್ಟರು.

ಇವತ್ತು ಹನ್ನೊಂದು ಹತ್ತಾಯಿತು, ಹನ್ನೆರಡೂ ಆಯಿತು. ಫೋನ್ ಬರಲಿಲ್ಲ. ಓರ್ಲಾ ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿ, ನನ್ನನ್ನೇ ನೋಡಿದರು. ನಿನ್ನೆ ಫೋನ್ ಎತ್ತಿದ್ದನ್ನು ನಾನು ಅವರಿಗೆ ಹೇಳಲಿಲ್ಲ.

ಸ್ವಲ್ಪ ಶೀತ ಬಿಟ್ಟರೆ, ಇಲ್ಲಿಯವರು ಅನ್ನುವ ಹಾಗೆ, ಗ್ರ್ಯಾಂಡ್ ಆಗಿದ್ದೇನೆ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಕಾರ್ಡಿನಲ್ಲಿ ಜಾಗ ಮುಗಿಯಿತು, ಒಂದೇ ಮಾತು: ಇನ್ನು ಮೇಲೆ ಭಾನುವಾರ ಮಿಸ್ಡ್ ಕಾಲ್ ಕೊಡಬೇಡಿ. ನಾನು ಎತ್ತುವವರೆಗೂ ಇಡಬೇಡಿ. ಎತ್ತಿದ ತಕ್ಷಣ ನೀವೇ ಮೊದಲು ಮಾತಾಡಿ.

ಜಯಶೀಲಾ