ಹಂಚಿಕೊಂಡ ಮಾತ್ರೆ

ಹೈದರಾಬಾದ್, ೨೦೦೧

ಕಣಕಟ್ಟೆಯ ಧರ್ಮೇಶಣ್ಣನಿಗೆ ತಂಗಿಯ ಜೈಭೀಮ್.

ನಿನ್ನ ಎದೆ ತಿನ್ನುತ್ತಿರುವ ಟಿ.ಬಿ. ಕ್ರಿಮಿಯ ಪ್ರೋಟೀನನ್ನು ಇಲ್ಲಿ ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ನೋಡಿದೆ. ಹಳೇಬೀಡಿನ ಗೋಡೆಯ ಬಳ್ಳಿಯಂತೆ ಸುತ್ತಿಕೊಂಡಿದೆ, ನಡುವೆ ಒಂದು ಗುಳಿ. ಆ ಗುಳಿಯಲ್ಲಿ ಕೂತು ಕ್ರಿಮಿಯನ್ನು ಕೊಲ್ಲುವ ಹೊಸ ಮದ್ದು ಹುಡುಕುವುದೇ ನಮ್ಮ ಕೆಲಸ. ಯಾವಾಗ ಸಿಗುತ್ತೆ ಅಂದರೆ ಲ್ಯಾಬಿನ ಸಾಹೇಬರು ನಗುತ್ತಾರೆ: "ಬಡವರ ಕೆಮ್ಮಿಗೆ ಯಾವ ಕಂಪನಿ ಮದ್ದು ಮಾಡುತ್ತಮ್ಮ?" ಮೈಯೆಲ್ಲ ಉರಿದುಹೋಯಿತು.

ಅದರ ಮೇಲೆ ಅತ್ತಿಗೆಯ ಕಾಗದ. ಪಕ್ಕದ ಮನೆ ಮರಿಯಣ್ಣನಿಗೂ ಟಿ.ಬಿ.ಯಂತೆ, ಆಸ್ಪತ್ರೆಯವರು ಮಾತ್ರೆ ಇಲ್ಲ ಅಂದರಂತೆ, ನಿನ್ನದರಲ್ಲಿ ಅರ್ಧ ಕೊಡುತ್ತಿದ್ದೀಯಂತೆ. ಹಂಚಿ ತಿನ್ನೋಕೆ ಅದೇನು ಮುದ್ದೆಯಾ ಅಣ್ಣ? ಅರ್ಧ ಮಾತ್ರೆಗೆ ಕ್ರಿಮಿ ಸಾಯಲ್ಲ, ಪಳಗುತ್ತೆ. ಆಮೇಲೆ ಇಬ್ಬರಿಗೂ ಯಾವ ಮದ್ದೂ ನಾಟಲ್ಲ.

ನಾನು ಚೆನ್ನಾಗಿದ್ದೀನಿ, ಸಿಟ್ಟೊಂದು ಬಿಟ್ಟರೆ. ನಿನ್ನದನ್ನು ನೀನೇ ಪೂರ್ತಿ ನುಂಗು. ಮರಿಯಣ್ಣನ ಪಾಲಿಗೆ ಸಂಘದವರನ್ನು ಕಟ್ಟಿಕೊಂಡು ಆಸ್ಪತ್ರೆ ಬಾಗಿಲಲ್ಲಿ ಕೂರು. ಕೊಡೋವರೆಗೂ ಏಳಬೇಡ.

ಲತಾಮಣಿ