ಎಡಗಡೆಯ ಬ್ರೇಕಿನ ವಿಚಾರವಾಗಿ ಪೂವಯ್ಯನವರಿಗೆ

ಜೋಗಿಮಟ್ಟಿ ತಪ್ಪಲು, ಚಿತ್ರದುರ್ಗ
2164ನೇ ಇಸವಿ, ಭಾದ್ರಪದ ಬಹುಳ ತದಿಗೆ

ಮೈಸೂರಿನ ಪೂವಯ್ಯನವರಿಗೆ,

ಬರೆಯುವುದು ನನಗೆ ಆಗದ ಕೆಲಸ. ಐದನೇ ಕ್ಲಾಸಿನಲ್ಲಿ ಶಾಲೆ ಬಿಟ್ಟವಳು ನಾನು. ಆಮೇಲೆ ಕೈಯಲ್ಲಿ ಹಿಡಿದದ್ದು ಸ್ಪ್ಯಾನರ್. ಇಲ್ಲಿ ಈಗ ಯಾರೂ ಕೈಯಲ್ಲಿ ಬರೆಯುವುದಿಲ್ಲ, ಗೋಡೆಗೆ ಹೇಳಿದರೆ ಗೋಡೆಯೇ ಬರೆದುಕೊಳ್ಳುತ್ತದೆ. ಆದರೆ ಹಿಂದಂಚೆಯವರಿಗೆ ಅದು ನಡೆಯುವುದಿಲ್ಲವಂತೆ. ಹಿಂದಂಚೆ ಎಂದರೆ ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆ. ಹೇಗೆ ಒಯ್ಯುತ್ತದೆ ಎಂದು ಕೇಳಬೇಡಿ. ಅಲ್ಲಿನ ಗುಮಾಸ್ತ ಎರಡು ಸಲ ಬಿಡಿಸಿ ಹೇಳಿದ, ಎರಡು ಸಲವೂ ನನಗೆ ಆಕಳಿಕೆ ಬಂತು. ಬರೆಯುವವರ ಸ್ವಂತ ಕೈಬರಹವೇ ಆಗಬೇಕು, ಒಬ್ಬರಿಗೆ ಜನ್ಮಕ್ಕೆ ಒಂದೇ ಕಾಗದ. ಇಷ್ಟು ಮಾತ್ರ ತಲೆಗೆ ಹತ್ತಿತು. ನಾಲ್ಕು ದಿನದಿಂದ ಪೆನ್ಸಿಲ್ ಕೆತ್ತುತ್ತ ಕೂತಿದ್ದೇನೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದ ಬಂದರೆ ಸಹಿಸಿಕೊಳ್ಳಿ. ನಿಮ್ಮ ಕಾಲದವರ ಮಾತಿನಲ್ಲೂ ನನಗೆ ತಿಳಿಯದ್ದು ಬೇಕಾದಷ್ಟಿದೆ, ನಾನೇನು ದೂರು ಹೇಳಿದೆನೇ?

ನಿಮ್ಮನ್ನು ಏನೆಂದು ಕರೆಯಬೇಕು ಎಂಬುದೂ ಒಂದು ತಾಪತ್ರಯ. ಈ ಕಾಗದ ನಿಮಗೆ ಸಿಗುವ ಹೊತ್ತಿಗೆ ನಿಮಗೆ ನಲವತ್ತರ ಆಸುಪಾಸು, ನನ್ನ ಮಗನ ವಯಸ್ಸು. ಆದರೆ ನೀವು ತೀರಿಕೊಂಡು ನಮ್ಮ ಲೆಕ್ಕದಲ್ಲಿ ಎಷ್ಟೋ ಕಾಲವಾಯಿತು. ಹಿರಿಯರಲ್ಲಿ ಹಿರಿಯರು. ಹಾಗಾಗಿ ನೀವು ಎನ್ನುತ್ತೇನೆ. ಆದರೆ ಬೈಯಬೇಕಾದ ಕಡೆ ಬೈಯುತ್ತೇನೆ, ಆಗ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಕಿತ್ತಳೆ ಬಣ್ಣದ ಡಾಟ್ಸನ್ ಗಾಡಿ ನಮ್ಮಲ್ಲಿದೆ. ಉದ್ದ ಮೂತಿಯದು, ಎರಡೇ ಸೀಟಿನದು, ಬಾಗಿಲು ಹಾಕಿದರೆ ಡಬ್ಬಿ ಮುಚ್ಚಿದ ಸದ್ದಾಗುತ್ತದಲ್ಲ, ಅದೇ. ಚೆನ್ನಾಗಿದೆ. ಜಪಾನಿನ ಹಳೆಯ ಓಟದ ಗಾಡಿಗಳು ನಿಮ್ಮ ಕಡೆ ಎಲ್ಲೆಲ್ಲಿದ್ದವೋ ಅವೆಲ್ಲ ಒಂದೊಂದಾಗಿ ಚಿತ್ರದುರ್ಗ ಸೀಮೆಗೆ ಬಂದವು. ಕಾರಣ ಬೇರೇನೂ ಇಲ್ಲ, ಇಲ್ಲಿನ ಒಣಗಾಳಿ. ಕರಾವಳಿಯಲ್ಲಿ ಒಂದು ಮಳೆಗಾಲದಲ್ಲಿ ಹಿಡಿಯುವ ತುಕ್ಕು ಇಲ್ಲಿ ಒಂದು ತಲೆಮಾರಿಗೂ ಹಿಡಿಯುವುದಿಲ್ಲ. ಆ ಗಾಡಿಗಳನ್ನು ನೋಡಿಕೊಳ್ಳುವ ನಮ್ಮನ್ನು ಸಾಕುಗಾರರು ಎನ್ನುತ್ತಾರೆ, ಎಮ್ಮೆ ಸಾಕಿದಂತೆ ಗಾಡಿ ಸಾಕುವವರು. ಗಾಡಿಗೆ ಯಜಮಾನ ಎಂಬವನು ಈಗ ಇಲ್ಲ. ಜನ ಓಡಾಡುವುದು ಕರೆಬಂಡಿಯಲ್ಲಿ. ಕರೆದರೆ ಬರುತ್ತದೆ, ಇಳಿದರೆ ಹೋಗುತ್ತದೆ, ಯಾರದ್ದೂ ಅಲ್ಲ, ಯಾರಿಗೂ ಅದರ ಮೇಲೆ ಮಮತೆಯಿಲ್ಲ. ಒಂದು ಗಾಡಿಯನ್ನು ಇದು ನನ್ನದು ಎಂದು ಬಟ್ಟೆಯಲ್ಲಿ ಒರೆಸುತ್ತ ಭಾನುವಾರ ಕಳೆಯುತ್ತಿದ್ದರು ಎಂದರೆ ನಮ್ಮ ಮಕ್ಕಳು ನಗುತ್ತಾರೆ. ನಾನು ನಗುವುದಿಲ್ಲ.

ಸಾಕುವುದೆಂದರೆ ಏನು ಎಂದು ನಿಮಗೆ ಹೇಳಬೇಕಿಲ್ಲ, ಆದರೂ ನಮ್ಮ ಕ್ರಮ ಹೇಳುತ್ತೇನೆ. ನಿಮ್ಮ ಪೆಟ್ರೋಲು ಮುಗಿದುಹೋಗಿ ಯಾವ ಕಾಲವಾಯಿತೋ. ಜಾಲಿಕಾಯಿಯನ್ನು ಕೊಳೆಹಾಕಿ ಭಟ್ಟಿ ಇಳಿಸಿ ಗಾಡಿಗೆ ಕುಡಿಸುತ್ತೇವೆ. ಊರ ಸುತ್ತ ಜಾಲಿಗೇನು ಬರವಿಲ್ಲ. ಆ ಸಾರಾಯಿ ರಬ್ಬರನ್ನು ತಿನ್ನುತ್ತದೆ, ಅದಕ್ಕೆ ಕಾರ್ಬ್ಯುರೇಟರಿನ ವಾಷರುಗಳನ್ನು ಪ್ರತಿ ಯುಗಾದಿಗೆ ಹೊಸದಾಗಿ ಅಚ್ಚು ಹಾಕಿಸುತ್ತೇವೆ. ಹೊದಿಕೆಗೆ ಚಳ್ಳಕೆರೆಯ ಕರಿಕಂಬಳಿ. ಉಣ್ಣೆ ಉಸಿರಾಡುತ್ತದೆ, ಕೆಳಗೆ ಪಸೆ ನಿಲ್ಲುವುದಿಲ್ಲ. ವೈರು ಕಡಿಯುವ ಇಲಿಗಳಿಗೆ ಎರಡು ಬೆಕ್ಕು ಇವೆ, ಒಂದು ಕೆಲಸ ಮಾಡುತ್ತದೆ, ಇನ್ನೊಂದು ನಿಮ್ಮ ಸೀಟಿನ ಮೇಲೆ ಮಲಗುತ್ತದೆ. ಬೆಳಗಿನ ಹೊತ್ತು ಚೋಕ್ ಎಳೆದು ಎಂಜಿನ್ ಶುರುಮಾಡಿದರೆ ಮೊದಲು ಕೆಮ್ಮಿ, ಗೊಣಗಿ, ಆಮೇಲೆ ಆರೂ ಸಿಲಿಂಡರು ಒಂದೇ ಉಸಿರಿಗೆ ಬರುತ್ತವೆ. ಆ ಹೊತ್ತಿಗೆ ಬೀದಿಯ ಮಕ್ಕಳು ಬಂದು ಕಿವಿ ಮುಚ್ಚಿಕೊಂಡು ನಿಲ್ಲುತ್ತವೆ. ಸದ್ದು ಮಾಡುವ ಗಾಡಿಯನ್ನು ಅವು ಬೇರೆಲ್ಲೂ ಕಂಡಿಲ್ಲ.

ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಎಲ್ಲ ಗಾಡಿಗಳನ್ನೂ ಜೋಗಿಮಟ್ಟಿಗೆ ಹತ್ತಿಸಿ ಇಳಿಸುತ್ತೇವೆ. ಹತ್ತಿ ಇಳಿದ ಗಾಡಿ ಬದುಕಿದ ಗಾಡಿ. ಇಳಿಯದ್ದನ್ನು ಉಸಿರಿಲ್ಲದ ಮನೆಗೆ ಸೇರಿಸುತ್ತಾರೆ. ಅದು ದೊಡ್ಡ ಗಾಜಿನ ಕೋಣೆ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದಿರುತ್ತಾರೆ. ಅಲ್ಲಿ ತುಕ್ಕಿಲ್ಲ, ಧೂಳಿಲ್ಲ, ಮುಟ್ಟುವ ಕೈಯೂ ಇಲ್ಲ. ಹೋದ ಗಾಡಿ ಹೊರಗೆ ಬಂದದ್ದಿಲ್ಲ. ಈ ವರ್ಷ ನಿಮ್ಮ ಗಾಡಿಯನ್ನು ಇಳಿಸಬೇಕಾದವಳು ನನ್ನ ಮಗಳ ಮಗಳು, ಸಿರಿಯವ್ವ. ಇಷ್ಟು ವರ್ಷ ನಾನೇ ಇಳಿಸಿದೆ. ಈಗ ನನ್ನ ಮಂಡಿ ಹೋಗಿದೆ, ಕಣ್ಣು ಮಂಜು. ಕೂಟದವರು, ಅಂದರೆ ಸಾಕುಗಾರರ ಪಂಚಾಯಿತಿಯವರು, ಇನ್ನು ನೀನು ಓಡಿಸುವುದು ಬೇಡ ಎಂದರು. ಸರಿಯಾಗಿಯೇ ಹೇಳಿದರು, ಆದರೂ ಬಾಯಿಗೆ ಬಂದಂತೆ ಬೈದು ಎದ್ದು ಬಂದೆ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಗಾಡಿಯ ಬ್ರೇಕು ಸರಿಯಿಲ್ಲ. ಒತ್ತಿದರೆ ಮೂತಿ ಬಲಕ್ಕೆ ಎಳೆಯುತ್ತದೆ. ಮುಂದಿನ ಚಕ್ರದ ತಟ್ಟೆಯನ್ನು ಚಿಮಟದ ಹಾಗೆ ಹಿಡಿದು ನಿಲ್ಲಿಸುವ ಕ್ಯಾಲಿಪರು ಬಲಗಡೆ ಒಂದು ಜಾತಿಯದು, ಎಡಗಡೆ ಇನ್ನೊಂದು. ಎಡಗಡೆಯದರ ಪಿಸ್ಟನ್ನು ಬೆರಳಗಲ ಚಿಕ್ಕದು. ಅದು ಬೇರೆ ಯಾವುದೋ ಗಾಡಿಯದು, ಬಿಚ್ಚಿ ನೋಡಿದ ಯಾರಿಗೂ ತಿಳಿಯುತ್ತದೆ. ಬ್ರೇಕು ಒತ್ತುವಾಗಲೇ ಸ್ಟೇರಿಂಗನ್ನು ಕೂದಲೆಳೆ ಎಡಕ್ಕೆ ತಿರುಗಿಸಿ ಹಿಡಿಯಬೇಕು. ನನಗೆ ಅದು ಅಭ್ಯಾಸ. ನನಗಿಂತ ಮುಂಚೆ ಓಡಿಸಿದವನು ನನ್ನ ತಮ್ಮ ಮಾರಣ್ಣ. ಅವನು ಮೂರನೇ ತಿರುವಿನಲ್ಲಿ, ಬಲಗಡೆ ಪ್ರಪಾತ ಇರುವ ಕಡೆ, ಒಂದು ಮೇಕೆ ಅಡ್ಡ ಬಂತೆಂದು ಜೋರಾಗಿ ಒತ್ತಿದ. ಬಂಡೆ ತಡೆಯದಿದ್ದರೆ ಗಾಡಿಯೂ ಇಲ್ಲ, ಅವನೂ ಇಲ್ಲ. ಅವನ ಬಲಗಾಲು ಇವತ್ತಿಗೂ ಸೊಟ್ಟ.

ಹಾಗಾದರೆ ಬದಲಿಸಿ ಎನ್ನುತ್ತೀರಿ. ಬದಲಿಸುವಂತಿಲ್ಲ, ಅದೇ ನನ್ನ ಸಂಕಟ. ನಿಮ್ಮ 2027ರ ಫೆಬ್ರವರಿಯಲ್ಲಿ ಕೆಲವರು ನಿಮ್ಮ ಶೆಡ್ಡಿಗೆ ಬಂದು ಗಾಡಿಯ ಒಳಗೂ ಹೊರಗೂ ಬೆಳಕು ಹಾಯಿಸಿ ಪ್ರತಿ ನಟ್ಟಿನ ಅಳತೆ ತೆಗೆಯುತ್ತಾರೆ. ಅದನ್ನು ನಾವು ಅಚ್ಚಳತೆ ಎನ್ನುತ್ತೇವೆ. ಯಾವ ಭಾಗ ಸವೆದರೂ ಆ ಅಳತೆಗೇ ಹೊಸದನ್ನು ಅಚ್ಚು ಹಾಕುವುದು. ಆ ಚಿಕ್ಕ ಕ್ಯಾಲಿಪರನ್ನು ನಾವು ಇದುವರೆಗೆ ಐದು ಸಲ ಹೊಸದಾಗಿ ಮಾಡಿದ್ದೇವೆ, ಐದು ಸಲವೂ ಚಿಕ್ಕದಾಗಿಯೇ. ಅಚ್ಚಳತೆ ಮೀರಲು ಒಂದೇ ದಾರಿ, ಗಾಡಿಯ ಅಂದಿನ ಯಜಮಾನನ, ಅಂದರೆ ನಿಮ್ಮ, ಕೈಬರಹದ ಮಾತು.

ಈ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ, ಅದನ್ನೂ ಹೇಳಬೇಕು. ಹಿಂದೆ ಇಲ್ಲೊಂದು ಕೆಂಪು ಗಾಡಿ ಇತ್ತು. ಅದರ ಸಾಕುಗಾರ ಬಾಗಿಲುಗಳ ತಳದಲ್ಲಿ ಸಣ್ಣ ತೂತುಗಳನ್ನು ಕಂಡು, ಅಯ್ಯೋ ತುಕ್ಕು ತಿಂದಿದೆ ಎಂದು ಅಚ್ಚುಕಟ್ಟಾಗಿ ಬೆಸುಗೆ ಹಾಕಿ ಮುಚ್ಚಿದ. ಅವು ಮಳೆನೀರು ಇಳಿದುಹೋಗಲು ಮಾಡಿದವರೇ ಬಿಟ್ಟ ತೂತುಗಳು. ನೀರು ಒಳಗೇ ನಿಂತಿತು, ಎರಡೂ ಬಾಗಿಲು ಕೊಳೆತು ಉದುರಿದವು. ಅಂದಿನಿಂದ ಕೂಟದವರು, ನಿಮಗೆ ತಪ್ಪು ಎಂದು ಕಂಡದ್ದನ್ನು ತಿದ್ದಬೇಡಿ ಎಂದು ಕಟ್ಟು ಮಾಡಿದರು. ಒಳ್ಳೆಯ ಕಟ್ಟು. ನಾನೇ ಎಷ್ಟೋ ಜನರನ್ನು ಆ ಮಾತು ಹೇಳಿ ಗದರಿದ್ದೇನೆ.

ಕದ್ದು ಬದಲಿಸೋಣ ಎಂದರೆ ಸಿರಿಯವ್ವ ಒಪ್ಪುವುದಿಲ್ಲ. ಮೊನ್ನೆ ಅವಳು ಗಾಡಿಯ ಕೆಳಗೆ ಮಲಗಿ ಗ್ರೀಸ್ ಹಾಕುತ್ತಿದ್ದಳು. ನಾನು ಮತ್ತೆ ಅದೇ ಮಾತು ತೆಗೆದೆ. ಅವಳು ತಲೆ ಹೊರಗೆ ಹಾಕದೆ, "ಬಿಡಜ್ಜಿ, ಒಬ್ಬೊಬ್ರು ಒಂದೊಂದ್ ಸರಿಮಾಡ್ತಾ ಹೋದ್ರೆ ನಾಕ್ ಜನದ ಕೈ ದಾಟೋ ಹೊತ್ಗೆ ಇದು ಪೂವಯ್ಯನ ಗಾಡಿ ಆಗಿರಾಕಿಲ್ಲ, ನಮ್ ಗಾಡಿ ಆಗಿರ್ತತೆ" ಎಂದಳು. ಪೂವಯ್ಯ ಬಂದು ನಿನ್ನ ಮೂಳೆ ಜೋಡಿಸುತ್ತಾನೆಯೇ ಎಂದೆ. "ನೀನು ಅಷ್ಟ್ ವರ್ಷ ಇಳಿಸ್ದೆ. ಆವಾಗ ಬ್ರೇಕು ಸರಿ ಇತ್ತಾ?" ಎಂದಳು. "ಆವಾಗ ಸ್ಟೇರಿಂಗ್ ಹಿಡ್ದಿದ್ದು ನಾನು ಕಣೇ" ಎಂದೆ. ಮಂಚದ ಮೇಲೆ ಕೂತಿದ್ದ ಮಾರಣ್ಣ ಎಲೆಯಡಿಕೆ ಮೆಲ್ಲುತ್ತ, "ಅಕ್ಕಾ, ಒಂದ್ ಕೆಲ್ಸ ಮಾಡು. ನನ್ ಕಾಲಿಂದೂ ಅಚ್ಚಳತೆ ತಗೊಳ್ಳಾಕೆ ಹೇಳು. ನಮ್ ವಂಶದಾಗೆ ಹುಟ್ಟೋರಿಗೆಲ್ಲ ಹಿಂಗೇ ಸೊಟ್ಟ ಕಾಲು ಹಾಕ್ಲಿ" ಎಂದ. ಸಿರಿಯವ್ವ ಗಾಡಿಯ ಕೆಳಗೇ ನಕ್ಕಳು. ನನಗೆ ನಗು ಬರಲಿಲ್ಲ. ಅಂದಿನಿಂದ ಅವಳಿಗೆ ಸ್ಟೇರಿಂಗ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದೇನೆ. ಕಲಿಯುತ್ತಾಳೆ, ಜಾಣೆ. ಆದರೆ ಮೇಕೆ ಅಡ್ಡ ಬಂದ ಗಳಿಗೆಯಲ್ಲಿ ಕಲಿತದ್ದು ಕೈಗೆ ಬರುವುದಿಲ್ಲ, ಕಾಲು ಮಾತ್ರ ಒತ್ತುತ್ತದೆ. ಮಾರಣ್ಣನೂ ಜಾಣನೇ.

ಇದಕ್ಕೆಲ್ಲ ಮೂಲ ನೀವು. ಅಳೆಯಲು ಬಂದವರು ಗಾಡಿಯಲ್ಲಿ ಏನಾದರೂ ಬದಲಾಗಿದೆಯೇ ಎಂದು ನಿಮ್ಮನ್ನು ಕೇಳುತ್ತಾರೆ. ನಿಮ್ಮ ಉತ್ತರ ಧ್ವನಿಯಾಗಿ ನಮ್ಮಲ್ಲಿದೆ. "ಫುಲ್ ಒರಿಜಿನಲ್ ಮಾರಾಯ, ಒಂದು ನಟ್ಟು ಸಹ ಬೇರೆ ಇಲ್ಲ." ಈ ಮಾತನ್ನು ನೀವು ಇನ್ನೂ ಆಡಿಲ್ಲ, ಆದರೆ ಆಡುತ್ತೀರಿ. ಪ್ರತಿ ಆಯುಧಪೂಜೆಯಲ್ಲಿ ಗಾಡಿಗೆ ಹೂವು ಏರಿಸಿ ಆ ಧ್ವನಿ ಹಾಕುತ್ತಾರೆ, ಜನ ಕೈಮುಗಿದು ಕೇಳುತ್ತಾರೆ. ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ಮಾತಿಗೆ ಮುಂಚೆ ನೀವು ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತೀರಿ. ಸುತ್ತ ನಿಮ್ಮ ಗೆಳೆಯರಿದ್ದಾರೆ, ಲೋಟದ ಸದ್ದು ಕೇಳುತ್ತದೆ. ನೀವು ಕೆಟ್ಟವರೆಂದು ನಾನು ತಿಳಿದಿಲ್ಲ. ನಿಮ್ಮ ಕಾಲದಲ್ಲಿ ಆ ಗಾಡಿಯ ಎಡಗಡೆಯ ಕ್ಯಾಲಿಪರು ಎಲ್ಲೂ ಸಿಕ್ಕಿರಲಾರದು, ಜಪಾನಿಗೆ ಬರೆದು ಕಾದು ಸಾಕಾಗಿ, ಯಾವುದೋ ಗ್ಯಾರೇಜಿನಲ್ಲಿ ಕೂರುವುದೊಂದನ್ನು ಕೂರಿಸಿಕೊಂಡಿರಿ. ಆಮೇಲೆ ನಾಲ್ಕು ಜನರ ಮುಂದೆ ಹೇಳಲು ನಾಚಿಕೆಯಾಯಿತು. ಇಷ್ಟೇ ಇರಬೇಕು. ಅಥವಾ ನಾನೇ ತಪ್ಪಿರಬಹುದು. ಕೂಟದಲ್ಲಿ ಕೆಲವರು ಹೇಳುವ ಪ್ರಕಾರ, ನಿಮ್ಮ ಕಾಲದ ರಸ್ತೆಗಳು ಎಡಕ್ಕೆ ಇಳಿಜಾರಾಗಿದ್ದವು, ಗಾಡಿ ಎಡಕ್ಕೆ ಜಾರಬಾರದೆಂದು ನೀವೇ ತಿಳಿದು ಹಾಗೆ ಮಾಡಿದಿರಿ. ಹಾಗಿದ್ದರೆ ಹಾಗೆಂದೇ ಬರೆಯಿರಿ. ನಾನು ಬಾಯಿ ಮುಚ್ಚಿಕೊಂಡು ಅವಳನ್ನು ಗಾಡಿಗೆ ಹತ್ತಿಸಿ ಕಳಿಸುತ್ತೇನೆ.

ಬ್ರೇಕನ್ನು ಸರಿಮಾಡಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಆ ಸಾಲನ್ನು ಹಿಂದಂಚೆಯವರು ಕತ್ತರಿಸುತ್ತಾರೆ. ಅಳತೆ ಆಗಿಹೋದದ್ದು, ಅದು ಬದಲಾಗುವುದಿಲ್ಲ. ಫೆಬ್ರವರಿಯಲ್ಲಿ ಗೆಳೆಯರ ಮುಂದೆ ಜಂಬವನ್ನೂ ಕೊಚ್ಚಿಕೊಳ್ಳಿ, ನಿಮ್ಮ ಮರ್ಯಾದೆ ನಿಮಗೆ. ನನಗೆ ಬೇಕಾದದ್ದು ನಿಜವಾದ ಒಂದು ಸಾಲು. ನಿಮ್ಮ ಉತ್ತರಕ್ಕೆ ಅಂಚೆ ಬೇಕಿಲ್ಲ, ಗಾಡಿಯೊಳಗೆ ಇಟ್ಟರೆ ಅದು ತಾನಾಗಿ ನಮ್ಮಲ್ಲಿಗೆ ಬರುತ್ತದೆ. ಓಡಿಸುವವರ ಕಡೆಯ ಬಾಗಿಲಿನ ಒಳಹೊದಿಕೆ ಬಿಚ್ಚಿ ಅದರೊಳಗೆ ಇಡಿ. ಅಳೆದು ಮುಗಿದ ಮೇಲೆ ಅವರು ಅದನ್ನು ಅಂಟು ಹಾಕಿ ಮುಚ್ಚುತ್ತಾರೆ, ಆಮೇಲೆ ಯಾರೂ ತೆರೆದಿಲ್ಲ. ಹಿಂದಂಚೆಗೆ ಕಾಗದ ಹಾಕಿದ ನನ್ನಂಥವರು ಮಾತ್ರ, ಪೂಜೆಯ ಹಿಂದಿನ ದಿನ, ಕೂಟದ ಎದುರಿಗೆ ಒಂದು ಸಲ ತೆರೆಯಬಹುದು. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಮಾಸುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಜು ಇಳಿಯುವ ದಾರಿ ಬಿಟ್ಟು ಮೇಲಕ್ಕೆ ಅಂಟಿಸಿ. ತಳದ ತೂತುಗಳಿಗೆ ಅಡ್ಡ ಬರುವಂತೆ ತುರುಕಬೇಡಿ.

ದಿನಕ್ಕೆ ಹತ್ತು ಸಲ ಹೋಗಿ ಆ ಬಾಗಿಲನ್ನು ತೆರೆದು ಮುಚ್ಚುತ್ತೇನೆ. ಮುಚ್ಚಿದಾಗ ಒಳಗೇನೋ ಸರ್ ಎನ್ನುತ್ತದೆ. ಕಾಗದವೋ, ಒಣಗಿದ ರಬ್ಬರೋ ತಿಳಿಯದು. ಮಾರಣ್ಣ, "ಬಾಗ್ಲು ಸವೆದ್ರೆ ಅದನ್ನೂ ಅಚ್ಚು ಹಾಕ್ಬೇಕಾಗ್ತತೆ ನೋಡು" ಎನ್ನುತ್ತಾನೆ. ರಾತ್ರಿ ಮಲಗಿದರೆ ಕಾಲು ತಾನಾಗಿ ಬ್ರೇಕು ಒತ್ತುತ್ತದೆ.

ಎಡಗಡೆಯ ಕ್ಯಾಲಿಪರು ತಿಳಿದು ಹಾಕಿದ್ದೋ, ಬೇರೆ ಸಿಗದೆ ಹಾಕಿದ್ದೋ. ಬರೆದು, ಕೆಳಗೆ ಸಹಿ ಮಾಡಿ. ಅಳೆಯುವವರು ಬರುವುದಕ್ಕೆ ಮುಂಚೆ, 2027ರ ಜನವರಿ ಹದಿನಾಲ್ಕರೊಳಗೆ, ಉತ್ತರ ಆ ಬಾಗಿಲೊಳಗೆ ಇರಬೇಕು.

ಸಣ್ಣಬೋರಮ್ಮ